ಶಿವಾಲದ ಜಲವಿದ್ಯುತ್ ಯೋಜನೆ

ನೀರಿನಿಂದ ಕರೆಂಟ್ ತೆಗೆಯುವುದು ಮಹಾ ಕಷ್ಟದ ಕೆಲಸವೇನಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನೀರನ್ನು ತಡೆಯಬೇಕು, ಕೆಳಕ್ಕೆ ಬಿಡಬೇಕು, ಅದು ಬೀಳುವಲ್ಲಿ ಒಂದು ಚಕ್ರ ಇಡಬೇಕು. ಅಷ್ಟೆ! ಇಷ್ಟಕ್ಕೆ ಜನ ವರ್ಷಗಟ್ಟಲೆ ಕಾಲೇಜಿನಲ್ಲಿ ಕೂತು ಏನು ಓದುತ್ತಾರೋ ಆ ವಿಶ್ವನಾಥನೇ ಬಲ್ಲ.

ನಾನು ಓದಿದ್ದು ವೇದ. ಕಾಶಿಯ ಶಿವಾಲದಲ್ಲಿ ನಮ್ಮ ಮನೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ, ಗಂಗಾಪೂಜೆ ಮಾಡಿಸುವುದು ನನ್ನ ಕಸುಬು. ಆದರೆ ನಮ್ಮ ವಂಶಕ್ಕೂ ವಿದ್ಯುತ್ತಿಗೂ ಹಳೆಯ ನಂಟು. ಕಾವೇರಿಯ ದಂಡೆಯ ಕಾಡಿನಲ್ಲಿ, ಶಿವನಸಮುದ್ರದ ಜಲಪಾತದ ಹತ್ತಿರ ಆ ಕಾಲದಲ್ಲಿ ವಿದ್ಯುತ್ ಕೇಂದ್ರ ಕಟ್ಟುವಾಗ ನನ್ನ ಮುತ್ತಾತ ಅಲ್ಲಿದ್ದರು. ದಾರಿಯಿಲ್ಲದ ಕಾಡು, ಚಳಿಜ್ವರ, ಚಿರತೆಯ ಕಾಟ, ಕಬ್ಬಿಣದ ಕೊಳವೆಗಳನ್ನು ಎಳೆದು ತರುವ ಆನೆಗಳು! ಈ ಕಥೆಯನ್ನು ನಾನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. "ನಿಮ್ಮ ಮುತ್ತಾತ ಅಲ್ಲಿ ಏನು ಕೆಲಸ ಮಾಡ್ತಿದ್ರು?" ಎಂದು ಯಾರಾದರೂ ವಿಚಾರಿಸಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ. ಅವರು ಕೂಲಿಯವರಿಗೆ ಅಡುಗೆ ಮಾಡುತ್ತಿದ್ದರು.

ಈ ಕಥೆ ಕೇಳಿಯೇ ಬೆಳೆದವಳು ನನ್ನ ಮಗಳು ಗೌರಿ. ಹನ್ನೊಂದು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಬೈದದ್ದಾಯಿತು, ಮುದ್ದು ಮಾಡಿದ್ದಾಯಿತು, ಜಲೇಬಿ ಕೊಡಿಸಿದ್ದೂ ಆಯಿತು. ಜಲೇಬಿ ತಿಂದು "ಥ್ಯಾಂಕ್ಯೂ ಪಾಪಾ" ಎಂದಳು. ಊರಿನಿಂದ ಬಂದವರ ಮುಂದೆ ಅವಳು ಬಾಯಿ ಬಿಟ್ಟಾಗಲೆಲ್ಲ ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಈ ಸಲ ನವರಾತ್ರಿಗೆ ಬೊಂಬೆ ಕೂರಿಸುವ ಸಿದ್ಧತೆ ನಡೆದಿತ್ತು. ಮೆಟ್ಟಿಲುಗಳ ಮೇಲೆ ಬೊಂಬೆಗಳಾದರೆ, ಕೆಳಗೆ ನೆಲದ ಮೇಲೆ ಪ್ರತಿ ವರ್ಷ ಒಂದು ಪುಟ್ಟ ಊರೋ ಪಾರ್ಕೋ ಮಾಡುವುದು ನಮ್ಮಲ್ಲಿ ರೂಢಿ. ಗೌರಿ ಓಡಿಬಂದು, "ಪಾಪಾ, ಇಸ್ ಬಾರ್ ಪರದಾದಾ ವಾಲಾ ಡ್ಯಾಮ್ ಬನಾಏಂಗೇ! ಲೇಕಿನ್ ಬತ್ತೀ ಸಚ್ ಮೇಂ ಪಾನೀ ಸೇ ಜಲನೀ ಚಾಹಿಯೇ" ಎಂದಳು. ಮುತ್ತಾತನ ಅಣೆಕಟ್ಟು ಮಾಡಬೇಕು, ದೀಪ ನಿಜವಾಗಿಯೂ ನೀರಿನಿಂದಲೇ ಉರಿಯಬೇಕು!

ನನ್ನ ತಲೆಯಲ್ಲಿ ಆಗಲೇ ದೀಪ ಹೊತ್ತಿತು.

"ಉರಿಸ್ತೀನಿ. ಆದ್ರೆ ಒಂದು ಶರತ್ತು. ದೀಪ ಉರಿದ್ರೆ, ಬಂದವ್ರಿಗೆಲ್ಲ ನೀನು ಅದನ್ನ ಕನ್ನಡದಲ್ಲೇ ವಿವರಿಸ್ಬೇಕು."

ಅವಳು ಸ್ವಲ್ಪ ಯೋಚಿಸಿ ಕೈ ಚಾಚಿದಳು. "ಸಚ್ಚೀ ಮೇಂ ಜಲಾ ತೋ. ಪಕ್ಕಾ?" ನಿಜವಾಗಿ ಉರಿದರೆ ಮಾತ್ರ!

"ಪಕ್ಕಾ!"

ಹೀಗೆ ಯೋಜನೆಗೆ ಮಂಜೂರಾತಿ ದೊರೆಯಿತು. ನನ್ನ ಹೆಂಡತಿ ಶಾರದಾ ಅಡುಗೆಮನೆಯಿಂದಲೇ ಒಂದು ಆಕ್ಷೇಪಣೆ ಸಲ್ಲಿಸಿದಳು. "ರೀ, ಹೋದ ತಿಂಗಳು ನಲ್ಲಿ ರಿಪೇರಿ ಮಾಡ್ತೀನಿ ಅಂತ ಹೋಗಿ ಕೆಳಗಿನ ಮನೆಯವ್ರ ಹಾಸಿಗೆ ನೆನೆಸಿದ್ರಿ. ನೆನಪಿದೆ ತಾನೆ?" ಅಭಿವೃದ್ಧಿ ಕಾರ್ಯಗಳಿಗೆ ವಿರೋಧ ಇದ್ದದ್ದೇ ಎಂದು ಆ ಆಕ್ಷೇಪಣೆಯನ್ನು ತಳ್ಳಿಹಾಕಲಾಯಿತು.

ಮರುದಿನವೇ ಕಾಮಗಾರಿ ಶುರು! ಗಂಗೆಯ ನೆರೆ ಆಗತಾನೇ ಇಳಿದಿತ್ತು. ಘಾಟಿನ ಮೆಟ್ಟಿಲುಗಳ ಮೇಲೆ ಹೂಳು ಮಂಡಿಯವರೆಗೆ ನಿಂತಿತ್ತು. ಎರಡು ಬಕೆಟ್ ಹೊತ್ತು ತಂದೆ. ಒಂದು ಬೆಂಚಿನ ಮೇಲೆ ತಗಡಿನ ಟ್ರೇ ಇಟ್ಟು ಸುತ್ತ ಮಣ್ಣು ಮೆತ್ತಿದ್ದೇ ಜಲಾಶಯ. ಏರ್ ಕೂಲರಿನ ಪೈಪೇ ಕೊಳವೆ. ಕೆಳಗೆ ಬಟ್ಟೆ ಒಗೆಯುವ ಟಬ್ಬು. ಶಾರದಾ ನವರಾತ್ರಿಗೆಂದು ಮೊಳಕೆ ಹಾಕಿದ್ದ ಜವೆಗೋಧಿಯ ಹಸಿರು ಪೈರನ್ನು ಸುತ್ತ ಜೋಡಿಸಿದಾಗ ಕಾಡೂ ಸಿದ್ಧವಾಯಿತು. ಬನಾರಸಿನ ಬಣ್ಣದ ಮರದ ಆನೆಗಳು ಸಾಲಾಗಿ ಪೈಪು ಎಳೆಯುತ್ತ ನಿಂತವು. ಆ ಕಾಡು, ಆ ನದಿ, ಆ ಆನೆಗಳನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಗೌರಿಯಂತೂ ಚಪ್ಪಾಳೆ ತಟ್ಟಿ ಕುಣಿದಳು.

ಉಳಿದದ್ದು ಚಕ್ರ. ಹಗುರವಾಗಿರಬೇಕು, ನೀರಿನಲ್ಲಿ ಕೊಳೆಯಬಾರದು, ದುಂಡಗೆ ಕತ್ತರಿಸಲು ಬರಬೇಕು. ಮನೆಯೆಲ್ಲ ಹುಡುಕಿದೆ. ಕೊನೆಗೆ ಬಾಗಿಲ ಹಿಂದೆ ಸರಿಯಾದ ವಸ್ತು ಸಿಕ್ಕಿತು. ನನ್ನ ಹಳೆಯ ಹವಾಯಿ ಚಪ್ಪಲಿ! ಅದನ್ನು ದುಂಡಗೆ ಕತ್ತರಿಸಿ, ಸುತ್ತ ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಗಳನ್ನು ಚುಚ್ಚಿ, ಆಟಿಕೆ ಮೋಟರಿನ ಕಡ್ಡಿಗೆ ಸಿಕ್ಕಿಸಿದೆ. ಮೋಟರಿನ ತಂತಿಗೆ ಸಾಲು ಸಾಲಾಗಿ ಹತ್ತು ಬಲ್ಬು ಜೋಡಿಸಿದೆ. ಮುತ್ತಾತನ ಕೇಂದ್ರ ಊರಿಗೇ ಬೆಳಕು ಕೊಟ್ಟಿರುವಾಗ ನಾನು ಒಂದೇ ಬಲ್ಬಿಗೆ ಇಳಿಯುವುದು ಹೇಗೆ?

ನೀರು ಬಿಟ್ಟೆ. ಚಕ್ರ ತಿರುಗಿತು! ಬಲ್ಬು ಉರಿಯಲಿಲ್ಲ.

ಇನ್ನಷ್ಟು ನೀರು ಬಿಟ್ಟೆ. ಅಣೆಕಟ್ಟು ಸೋರಿತು. ಬಲ್ಬು ಉರಿಯಲಿಲ್ಲ. ಸೋರಿದಲ್ಲಿ ಚಪಾತಿ ಹಿಟ್ಟು ಮೆತ್ತಿ ಮತ್ತೆ ಬಿಟ್ಟೆ. ಮಧ್ಯಾಹ್ನ ನಮಗೆ ಚಪಾತಿ ಇರಲಿಲ್ಲ. ಬಲ್ಬೂ ಉರಿಯಲಿಲ್ಲ.

ಗಲ್ಲಿಯ ಎಲೆಕ್ಟ್ರಿಷಿಯನ್ ಮುನ್ನಾ ಕಿಟಕಿಯಿಂದ ಇಣುಕಿದ. "ಕಾ ಗುರೂ, ಬಾಂಧ್ ಬನಾವತ್ ಹಉವಾ?" ಅಣೆಕಟ್ಟು ಕಟ್ಟುತ್ತಿದ್ದೀರಾ ಎಂದು ಕೇಳಿ, ಒಳಗೆ ಬಂದು ಎಲ್ಲವನ್ನೂ ಮುಟ್ಟಿ ನೋಡಿ, ಬಾಯಲ್ಲಿದ್ದ ಪಾನು ಪಕ್ಕಕ್ಕೆ ಸರಿಸಿ ತೀರ್ಪು ಕೊಟ್ಟ. "ಈ ನ ಜರೀ." ಇದು ಉರಿಯುವುದಿಲ್ಲ.

ಅಷ್ಟರಲ್ಲಿ ಗೌರಿ ಗಲ್ಲಿಯಲ್ಲೆಲ್ಲ ಡಂಗುರ ಹೊಡೆದುಬಿಟ್ಟಿದ್ದಳು. ಸಂಜೆಗೆ ಅವಳ ಗೆಳತಿಯರು, ನಮ್ಮ ಕನ್ನಡದ ಮನೆಗಳ ಹೆಂಗಸರು, ಅವರೆಲ್ಲರಿಗೂ ಹಿರಿಯರಾದ ಪದ್ಮಕ್ಕ, ಎಲ್ಲರೂ ಬರುವವರಿದ್ದರು. ಅದೂ ಸಾಲದೆಂದು ನಾನೇ ಒಬ್ಬರನ್ನು ಕರೆದಿದ್ದೆ. ಮಂಡ್ಯದ ಕಡೆಯಿಂದ ಶ್ರಾದ್ಧಕ್ಕೆ ಬಂದು ಬಂಗಾಲಿ ಟೋಲಾದ ಲಾಡ್ಜಿನಲ್ಲಿ ಇಳಿದಿದ್ದ ನಂಜಪ್ಪನವರು. ಯಾವುದೋ ಜಲವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬೆಳಿಗ್ಗೆ ಪಿಂಡ ಇಡಿಸುವಾಗ, "ಸಂಜೆ ಮನೆಗೆ ಬನ್ನಿ, ನಮ್ಮ ಕೇಂದ್ರ ನೋಡುವಿರಂತೆ" ಎಂದು ನಾನು ಕೊಚ್ಚಿಕೊಂಡಿದ್ದೆ!

ಗೌರಿ ಕನ್ನಡಿಯ ಮುಂದೆ ನಿಂತು "ಇದು ಅಣೆಕಟ್ಟು, ಇದು ಕೊಳವೆ" ಎಂದು ಅಭ್ಯಾಸ ಮಾಡುತ್ತಿದ್ದಳು. ಅದನ್ನು ಕೇಳಿದ ಮೇಲೆ ನಾನು ಯಾವ ಪಾಪಕ್ಕೂ ಸಿದ್ಧನಾದೆ. ಅಟ್ಟದಲ್ಲಿ ದೀಪಾವಳಿಯ ಝಾಲರ್ ಇತ್ತು. ಅದೇ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮಿಣಮಿಣ ಎನ್ನುವ ಸಣ್ಣ ದೀಪಗಳ ಸರ. ಹತ್ತು ಬಲ್ಬುಗಳನ್ನು ಕಿತ್ತು ಅಲ್ಲಿ ಝಾಲರ್ ಇಳಿಬಿಟ್ಟೆ. ತಂತಿಯನ್ನು ಬೊಂಬೆಗಳ ರೇಷ್ಮೆ ಬಟ್ಟೆಯ ಹಿಂದಿನಿಂದ ಹಾಯಿಸಿ ಗೋಡೆಗೆ ಮುಟ್ಟಿಸಿದೆ. ಸ್ವಿಚ್ಚು ನನ್ನ ಬೆನ್ನ ಹಿಂದೆ. ತಾಂತ್ರಿಕ ತೊಂದರೆ ನಿವಾರಣೆಯಾಯಿತು.

ಸಂಜೆ ಮನೆ ತುಂಬಿತು. ನಾನು ಶುಭ್ರ ಪಂಚೆಯುಟ್ಟು ಜಲಾಶಯದ ಮುಂದೆ ನಿಂತೆ. ಗಂಗೆಯಿಂದಲೇ ತಂದ ನೀರು ತುಂಬಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷದ ಅಭ್ಯಾಸ ನೋಡಿ! ಎದುರಿಗೆ ನೀರು, ಸುತ್ತ ಜನ, ಕೈಯಲ್ಲಿ ಹೂವು ಇದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ತಾನಾಗಿಯೇ ಸಂಕಲ್ಪ ಹೇಳಿತು, ಏಳು ನದಿಗಳನ್ನೂ ಹೆಸರು ಹಿಡಿದು ಆವಾಹನೆ ಮಾಡಿತು, ಹೂವು ಅಕ್ಷತೆ ಹಾಕಿಸಿತು. ಎಲ್ಲರೂ ಕೈ ಮುಗಿದರು. ನಾನು ಪೈಪಿನ ಬಿರಡೆ ತೆಗೆದೆ. ನೀರು ಧುಮುಕಿತು, ಚಕ್ರ ಗಿರಗಿರನೆ ತಿರುಗಿತು, ನಾನು ಬೆನ್ನ ಹಿಂದೆ ಸ್ವಿಚ್ಚು ಒತ್ತಿದೆ.

ಜಗ್ಗನೆ ದೀಪ! ಕೆಂಪು, ಹಸಿರು, ನೀಲಿ! "ಆಹಾ!" ಎಂದು ಹೆಂಗಸರು ಉದ್ಗರಿಸಿದರು. ಗೌರಿ ನನ್ನ ಕೊರಳಿಗೆ ಜೋತುಬಿದ್ದಳು. ನಂಜಪ್ಪನವರು ಮಾತ್ರ ಮಿಣಮಿಣಿಸುವ ದೀಪಗಳನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿದರು.

ಟಬ್ಬು ತುಂಬುತ್ತ ಬಂದಿತ್ತು. ಶಾರದಾ ಒಂದು ಬಕೆಟ್ಟಿಗೆ ಬಗ್ಗಿಸಿಕೊಂಡು ಮೋರಿಗೆ ಚೆಲ್ಲಲು ಹೊರಟಳು.

"ಅಯ್ಯೋ, ನಿಲ್ಲೇ!" ಎಂದು ಪದ್ಮಕ್ಕ ಚೀರಿದರು. "ಏಳು ನದಿ ಆವಾಹನೆ ಆಗಿರೋ ನೀರು, ಮೋರಿಗೆ ಚೆಲ್ತೀಯಾ? ಎಲ್ಲರಿಗೂ ತೀರ್ಥ ಅಂತ ಕೊಡು." ತಾವೇ ಮೊದಲು ಅಂಗೈ ಚಾಚಿದರು.

ಆಗ ನನಗೆ ಚಕ್ರ ನೆನಪಾಯಿತು.

"ತೀರ್ಥ ಬೇಡ ಪದ್ಮಕ್ಕ!"

"ಯಾಕಪ್ಪ?"

"ಚಕ್ರ... ಅದು... ರಬ್ಬರಿನದು."

ಶಾರದಾ ಬಗ್ಗಿ ನೋಡಿದಳು. "ರೀ! ಇದು ನಿಮ್ಮ ಚಪ್ಪಲಿ ಅಲ್ವಾ?"

ಚಾಚಿದ ಅಂಗೈಗಳೆಲ್ಲ ಒಟ್ಟಿಗೆ ಹಿಂದಕ್ಕೆ ಹೋದವು. ಧರ್ಮಸಂಕಟ ನೋಡಿ: ಆವಾಹನೆ ಆಗಿದೆ, ಆದ್ದರಿಂದ ಚೆಲ್ಲುವಂತಿಲ್ಲ. ಚಪ್ಪಲಿ ತಾಗಿದೆ, ಆದ್ದರಿಂದ ಕುಡಿಯುವಂತಿಲ್ಲ. ನಾಳೆ ಬೆಳಿಗ್ಗೆ ಗಂಗೆಗೇ ಬಿಡುವುದು, ಅಲ್ಲಿಯವರೆಗೆ ಒಂದು ಹನಿಯೂ ನೆಲಕ್ಕೆ ಬೀಳಬಾರದು ಎಂದು ಪದ್ಮಕ್ಕ ಅಪ್ಪಣೆ ಕೊಡಿಸಿದರು. ಟಬ್ಬಿನಲ್ಲಿ ಜಾಗವಿರಲಿಲ್ಲ. ಮೇಲಿನಿಂದ ನೀರು ಬರುತ್ತಲೇ ಇತ್ತು. ನಾನು ಬಕೆಟ್ಟಿನಲ್ಲಿ ಮೊಗೆದು ವಾಪಸ್ಸು ಜಲಾಶಯಕ್ಕೆ ಸುರಿಯತೊಡಗಿದೆ.

ಅಷ್ಟರಲ್ಲೇ ಇಡೀ ಗಲ್ಲಿ ಕತ್ತಲಾಯಿತು. ಹೊರಗೆ ಮುನ್ನಾ ಕೂಗಿದ್ದು ಕೇಳಿಸಿತು: "ಬಿಜುಲೀ ಚಲ್ ಗಯಲ್!"

ಕರೆಂಟ್ ಹೋಯಿತು. ಬೀದಿಗೂ ಹೋಯಿತು, ಮನೆಗೂ ಹೋಯಿತು. ನನ್ನ ವಿದ್ಯುತ್ ಕೇಂದ್ರಕ್ಕೂ ಹೋಯಿತು!

ಕತ್ತಲಲ್ಲಿ ಜಲಪಾತದ ಸದ್ದು ಕೇಳುತ್ತಲೇ ಇತ್ತು. ಚಕ್ರ ತಿರುಗುತ್ತಲೇ ಇತ್ತು. ಯಾರೋ ಕಿಸಕ್ಕೆಂದರು. ಗೌರಿ ಅಮ್ಮನ ಮೊಬೈಲಿನ ಟಾರ್ಚ್ ಹಾಕಿ, ಝಾಲರಿನ ತಂತಿ ಹಿಡಿದು, ರೇಷ್ಮೆ ಬಟ್ಟೆಯ ಹಿಂದೆ ತೆವಳುತ್ತ ಗೋಡೆಯ ಪ್ಲಗ್ಗಿನವರೆಗೆ ಹೋದಳು. ಅಲ್ಲಿಂದ ತಿರುಗಿ ನನ್ನ ಮುಖಕ್ಕೆ ಟಾರ್ಚ್ ಬಿಟ್ಟಳು.

"ಆಪ್ ನೇ ಝೂಠ್ ಬೋಲಾ." ಸುಳ್ಳು ಹೇಳಿದಿರಿ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಊರಿನವರೆಲ್ಲ ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿದ್ದ ಅಳುವನ್ನು ಕೇಳಲಾಗಲಿಲ್ಲ.

"ತಪ್ಪಾಯ್ತು ಮಗಳೇ. ಹತ್ತು ಬಲ್ಬು ಕಟ್ಟಿದ್ದೆ, ಒಂದೂ ಉರೀಲಿಲ್ಲ. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ" ಎಂದೆ. ಬಕೆಟ್ಟು ಇನ್ನೂ ಕೈಯಲ್ಲೇ ಇತ್ತು.

ಆಗ ನಂಜಪ್ಪನವರು ಪಂಚೆ ಎತ್ತಿಕಟ್ಟಿ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಅಳ್ಬೇಡ ಕನವ್ವ. ನಿಮ್ಮಪ್ಪ ಚಕ್ರನ ಚೆಂದಾಗೇ ಮಾಡವ್ರೆ. ಚಪ್ಪಲಿ ಆದ್ರೇನು, ತಿರುಗ್ತಾ ಅದಲ್ಲ! ಸ್ವಾಮಿ, ನೀರು ಎಷ್ಟದೆ ಅನ್ನೋದಲ್ಲ, ಎಷ್ಟು ಎತ್ತರದಿಂದ ಬೀಳ್ತದೆ ಅನ್ನೋದು ಮುಖ್ಯ. ಪೈಪಿನ ಬಾಯಿ ಸಣ್ಣ ಮಾಡಿ. ನೀವು ಸ್ಟೂಲ್ ಹತ್ತಿ, ಬಕೆಟ್ಟು ತಲೆ ಮ್ಯಾಲೆ ಹಿಡೀರಿ."

ನಾನು ಸ್ಟೂಲ್ ಹತ್ತಿದೆ. ಅವರು ಜೇಬಿನ ಪೆನ್ನಿನ ಕಡ್ಡಿ ತೆಗೆದು, ಬರೀ ಮೂತಿಯನ್ನು ಪೈಪಿನ ಕೆಳತುದಿಗೆ ಸಿಕ್ಕಿಸಿ ದಾರ ಬಿಗಿದರು. ಪೈಪಿನ ಇನ್ನೊಂದು ತುದಿ ನನ್ನ ತಲೆಯ ಮೇಲಿನ ಬಕೆಟ್ಟಿಗೆ ಬಂತು.

"ಹತ್ತು ದೀಪ ಕಟ್ಟಿದ್ರಂತೆ. ಎಳೇ ಕರುಗೆ ಗಾಡಿ ಕಟ್ದಂಗಾಯ್ತು. ಒಂದೇ ಒಂದು ಸಣ್ಣದು ಕೊಡವ್ವ."

ಗೌರಿ ಕಣ್ಣು ಒರೆಸಿಕೊಂಡು, ಶಾಲೆಯ ಚೀಲ ತಡಕಾಡಿ, ವಿಜ್ಞಾನದ ಪಾಠಕ್ಕೆಂದು ಕೊಟ್ಟಿದ್ದ, ಸಾಸಿವೆಗಿಂತ ತುಸು ದೊಡ್ಡದಾದ ಒಂದು ಎಲ್ಇಡಿ ತಂದಳು. ತಾನೇ ತಂತಿ ಸುತ್ತಿದಳು. ಉರಿಯಲಿಲ್ಲ. ಎರಡು ತಂತಿಗಳನ್ನೂ ಅದಲುಬದಲು ಮಾಡಿ ಮತ್ತೆ ಸುತ್ತಿದಳು. ಪೆನ್ನಿನ ಮೂತಿಯಿಂದ ನೀರು ಚುರ್ರೆಂದು ಚಿಮ್ಮಿ ಚಮಚಗಳಿಗೆ ಬಡಿಯಿತು. ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು.

ಕೆಂಪಗೆ ಒಂದು ಚುಕ್ಕಿ ಹೊತ್ತಿತು!

ಉರಿಯಿತು! ನಿಜವಾಗಿಯೂ ಉರಿಯಿತು! ಗೋಡೆಯಿಂದಲ್ಲ, ನೀರಿನಿಂದ! ಆ ಕತ್ತಲ ಗಲ್ಲಿಯಲ್ಲಿ ನಮ್ಮ ಮನೆಯದೊಂದೇ ವಿದ್ಯುತ್ ದೀಪ! ನಾನು ಸ್ಟೂಲಿನ ಮೇಲೇ ಕುಣಿಯಲು ಹೋದೆ. ದೀಪ ಆರಿತು.

"ಅಲ್ಲಾಡ್ಬೇಡಿ!" ಎಂದು ಎಲ್ಲರೂ ಒಟ್ಟಿಗೆ ಗದರಿದರು.

ಅಲ್ಲಾಡದೆ ನಿಂತೆ. ಶಾರದಾ ಟಬ್ಬಿನಿಂದ ಮೊಗೆದು ಕೊಟ್ಟಳು, ನಾನು ಮೇಲೆ ಸುರಿದೆ. ಅದು ಕೆಳಗೆ ಬಂತು, ಅವಳು ಮತ್ತೆ ಮೊಗೆದಳು. ಅರ್ಧ ಗಂಟೆಯಾಯಿತು. ಕತ್ತು ಹಿಡಿದುಕೊಂಡಿತು, ತೋಳು ಮರಗಟ್ಟಿತು, ಪಂಚೆಯೆಲ್ಲ ಒದ್ದೆ. ಯೋಜನೆಯ ಒಟ್ಟು ಉತ್ಪಾದನೆ ಒಂದು ಕೆಂಪು ಚುಕ್ಕಿ. ಅದಕ್ಕೆ ಬಳಸಿದ ಇಂಧನ ನಾನು!

ಕೆಳಗೆ ಗೌರಿ ಎಲ್ಲರ ನಡುವೆ ನಿಂತು ಬೆರಳು ತೋರಿಸುತ್ತಿದ್ದಳು. ಒಂದು ಹಿಂದಿ ಪದವಿಲ್ಲ!

"ಇದು ಕಾಡು. ಇವು ಆನೆ, ಪೈಪ್ ಎಳೀತಾ ಇವೆ. ಇಲ್ಲಿ ನೀರು ಬೀಳತ್ತೆ, ಚಕ್ರ ತಿರುಗತ್ತೆ, ದೀಪ ಹತ್ತತ್ತೆ."

ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ.

ಪದ್ಮಕ್ಕ ಕನ್ನಡಕ ಸರಿಪಡಿಸಿಕೊಂಡು ಕತ್ತೆತ್ತಿ ನೋಡಿದರು. "ಎಲ್ಲಾ ಅರ್ಥವಾಯ್ತು ಪುಟ್ಟಿ. ಮೇಲೆ ನಿಂತು ತೊಟ್ಟಿಕ್ತಾ ಇದೆಯಲ್ಲ, ಅದೇನು?"

ಗೌರಿ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅದಾ ಅಜ್ಜಿ? ಅದು ಮಳೆಗಾಲ."