ಬಾವಿ ನೋಡಲು ಬಂದ ಮೇಡಂ

ಕಂಪನಿಯ ಮೇಡಂ ಬರುತ್ತಾರೆಂಬ ಸುದ್ದಿಯನ್ನು ಅಯ್ಯಪ್ಪ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಆದರೆ ನಿವೃತ್ತ ಬಸ್ ಕಂಡಕ್ಟರಿಗೆ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ವಿದ್ಯೆ ಎಲ್ಲಿಂದ ಬರಬೇಕು? ಅದರಲ್ಲೂ ಹಿಂದಿನ ದಿನವೆಲ್ಲ ಅವನು ಆಡಿದ ಮಾತೆಂದರೆ ಹಾಲಿನವನಿಗೆ ಹೇಳಿದ "ಸಾಕು" ಒಂದೇ. ಬೆಳಿಗ್ಗೆ ಫೋನು ಬಂದು, ಮಧ್ಯಾಹ್ನದೊಳಗೆ ನಿಮ್ಮ ಬಾವಿ ನೋಡಲು ಬರುತ್ತೇವೆ ಎಂದು ಆ ಕಡೆಯ ಹೆಣ್ಣು ದನಿ ಹೇಳಿದ್ದೇ ತಡ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಗೆ ಓಡಿದ. ಎದುರು ಮನೆಯ ಗ್ಯಾನಮ್ಮ ಅಂಗಳ ಗುಡಿಸುತ್ತಿದ್ದಳು.

"ಗ್ಯಾನವ್ವಾ, ಬರಾಕತ್ಯಾರ!"

"ಯಾರಣ್ಣ? ಬೀಗರಾ?"

"ನನಗ್ಯಾವ ಬೀಗರವ್ವ! ಎಣ್ಣಿ ಕಂಪನಿ ಮೇಡಂ. ನಮ್ಮ ಬಾವಿ ನೋಡಾಕ!"

ಗ್ಯಾನಮ್ಮ ಪೊರಕೆ ನಿಲ್ಲಿಸಿದಳು. ಅಷ್ಟು ಸಾಕಾಯಿತು. ಸಿಂಧನೂರಿನ ಆ ಓಣಿಯಲ್ಲಿ ಗ್ಯಾನಮ್ಮನ ಪೊರಕೆ ನಿಂತಿತೆಂದರೆ ಸುದ್ದಿ ಹೊರಟಿತು ಎಂದೇ ಅರ್ಥ.

ಬಾವಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಭತ್ತಕ್ಕೇನೋ ನೀರಾಯಿತು, ಆದರೆ ತೋಡಿದಲ್ಲೆಲ್ಲ ಉಪ್ಪು. ಮಸ್ಕಿ ರಸ್ತೆಯ ಪಕ್ಕದ ಆ ಓಣಿಯಲ್ಲಿ ಅಯ್ಯಪ್ಪನ ಹಿತ್ತಲ ಬಾವಿಯೊಂದೇ ಸಿಹಿ. ಆ ನೀರಿಗೆ ಹಾಕಿದರೆ ಎಂಥ ಹಟಮಾರಿ ತೊಗರಿಬೇಳೆಯೂ ಬೆಣ್ಣೆಯಾಗುತ್ತಿತ್ತು. ಹೊತ್ತು ಹುಟ್ಟಿದರೆ, ಹೊತ್ತು ಮುಳುಗಿದರೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಅವನ ಹಿತ್ತಲಿಗೆ ಬರುತ್ತಿದ್ದರು. ಅವನ ಹೆಂಡತಿ ಯಂಕಮ್ಮ ಬಾವಿಕಟ್ಟೆಯ ಮೇಲೆ ಕೂತು ಊರಿನ ಪಂಚಾಯ್ತಿಯನ್ನೆಲ್ಲ ಅಲ್ಲೇ ಬಗೆಹರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಹೆಂಗಸರು ಬರುವುದು ನಿಲ್ಲಲಿಲ್ಲ. ಅಯ್ಯಪ್ಪ ಒಳಗೆ ಕೂತು ಗಡಗಡಿಯ ಕಿರುಗುಟ್ಟುವಿಕೆ, ನಗು, ಬೈಗುಳ ಎಲ್ಲ ಕೇಳುತ್ತ, ಮನೆಯಲ್ಲಿ ಜನ ಇದ್ದಾರೆ ಅಂದುಕೊಳ್ಳುತ್ತಿದ್ದ.

ಹೋದ ವರ್ಷ ಒಂದು ದಿನ ಅದೇ ಓಣಿಯ ಇಮಾಮ್‌ಬೀ ಮನೆಯ ಬೇಳೆ ಮಸ್ಕಿ ಬಸ್ಸಿನ ವಾಸನೆ ಹೊಡೆಯಿತು. ಮರುದಿನ ಗ್ಯಾನಮ್ಮನ ಮನೆಯದೂ ಹಾಗೇ ಆಯಿತು. ಬಗ್ಗಿ ನೋಡಿದರೆ ಬಾವಿಯ ನೀರಿನ ಮೇಲೆ ಏಳು ಬಣ್ಣ. ಗೋಡೆಯಾಚೆಯ ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು ಸೋರಿ ಡೀಸೆಲ್ ಬಾವಿಗೆ ಬಂದಿತ್ತು. ಹೆಂಗಸರೆಲ್ಲ ವಾರಕ್ಕೊಮ್ಮೆ ಬರುವ ನಗರಸಭೆಯ ನಳಕ್ಕೆ, ಶುದ್ಧ ನೀರಿನ ಘಟಕದ ಕ್ಯಾನಿಗೆ ಹೋದರು. ಹಿತ್ತಲು ಖಾಲಿಯಾಯಿತು.

ಅಯ್ಯಪ್ಪ ಬಂಕಿನ ಮಾಲೀಕನನ್ನು ಕೇಳಿದ. "ಜನ್ಮವೆಲ್ಲಾ ಡೀಸೆಲ್ ಗಾಡ್ಯಾಗ ಓಡಾಡೀದಿ. ವಾಸನಿ ಬಾವ್ಯಾಗಿಲ್ಲ, ನಿನ್ನ ಮೂಗಿನ್ಯಾಗ ಅದ" ಅಂದ ಆ ಪುಣ್ಯಾತ್ಮ. ಅಯ್ಯಪ್ಪ ಎಣ್ಣೆ ಕಂಪನಿಗೆ ಫೋನು ಮಾಡಿದ. ಕನ್ನಡಕ್ಕೆ ಒಂದನ್ನು ಒತ್ತಿ ಎಂದಿತು. ಒತ್ತಿದ. ಹಾಡು ಬಂತು. ವರ್ಷವೆಲ್ಲ ಹಾಡು ಕೇಳಿದ.

ಮೊದಲ ವಾರವೇ ಸಿಟ್ಟು ಬಂದು, ತಪ್ಪು ಒಪ್ಪುವವರೆಗೆ ಆ ಕಂಪನಿಯ ಒಂದು ಹನಿಯನ್ನೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಮೊಪೆಡ್ ಮಾರಿ ಸೈಕಲ್ ಕೊಂಡ, ಬಂಕಿನ ಕಡೆ ತಲೆಯೆತ್ತಿ ನೋಡುವುದನ್ನೂ ಬಿಟ್ಟ. ಗ್ಯಾಸ್ ಸಿಲಿಂಡರ್ ವಾಪಸು ಕೊಟ್ಟು ಕರೆಂಟಿನ ಒಲೆ ತಂದ. ಕರೆಂಟು ಹೋದ ಹೊತ್ತಿಗೆ ಭತ್ತ ಹುರಿದ ಒಣ ಮಂಡಾಳು ತಿಂದು ಮಲಗಿದ. ರೈಸ್ ಮಿಲ್ಲಿನ ಬಾಲಪ್ಪ ಅವನನ್ನು ಕಂಡಾಗೆಲ್ಲ ಕಾಲೆಳೆಯುತ್ತಿದ್ದ. "ಲೇ ಕಂಡಕ್ಟರ್, ಆ ಮಂಡಾಳಿನ ಭತ್ತ ಬೆಳ್ಯಾಕ ಟ್ರ್ಯಾಕ್ಟರ್ ಬಂದಿತ್ತಲೇ. ಅದು ನೀರು ಕುಡದು ಓಡ್ತದೇನು?" ಅಯ್ಯಪ್ಪ ಪೆಡಲು ಜೋರಾಗಿ ತುಳಿಯುತ್ತಿದ್ದ. ಬರಬರುತ್ತ ಬಾಲಪ್ಪನ ಬೀದಿಯನ್ನೇ ಬಿಟ್ಟ. ಸೈಕಲ್ಲಿನಲ್ಲಿ ಊರಾಚೆಯ ಆರ್.ಎಚ್. ಕ್ಯಾಂಪಿನ ಹಳೇ ಗೆಳೆಯರ ಮನೆಗೆ ಹೋಗುವ ತ್ರಾಣವೂ ಉಳಿಯಲಿಲ್ಲ. ಆಣೆಯಿಂದ ಎಣ್ಣೆ ಕಂಪನಿಗೆ ಎಷ್ಟು ಲುಕ್ಸಾನಾಯಿತೋ ಗೊತ್ತಿಲ್ಲ, ಅಯ್ಯಪ್ಪನಿಗೆ ಮಾತ್ರ ಮಾತಾಡಿಸುವವರು ಇಲ್ಲವಾದರು.

ಹೀಗಿರುವಾಗ ಮೇಡಂ ಬರುತ್ತಾರೆಂದರೆ ಹಬ್ಬವಲ್ಲವೇ? ಬಂದವರಿಗೆ ಚಹಾ ಕೊಡಲು ನೋಡಿದರೆ ಮನೆಯಲ್ಲಿ ಇದ್ದದ್ದು ಒಂದೇ ಕಪ್ಪು, ಅದಕ್ಕೂ ಕಿವಿ ಇಲ್ಲ. ಅಯ್ಯಪ್ಪ ಸೈಕಲ್ ಹತ್ತಿ ಕಪ್ಪು, ಬಿಸ್ಕತ್ತು ತರಲು ಬಜಾರಿಗೆ ಹೋದ.

ತಿರುಗಿ ಬಂದು ನೋಡಿದರೆ ಬಾಗಿಲು ಹಾರು ಹೊಡೆದು ತೆರೆದಿದೆ, ಹಿತ್ತಲ ತುಂಬ ಜನ! ಗ್ಯಾನಮ್ಮ ಸೀರೆ ಕಚ್ಚೆ ಹಾಕಿ ಹಗ್ಗ ಎಳೆಯುತ್ತಿದ್ದಾಳೆ. ಬಾಲಪ್ಪ ಭತ್ತದ ಹುಲ್ಲಿನ ಸಿವುಡುಗಳನ್ನು ಬಾವಿಗೆ ಇಳಿಬಿಟ್ಟು ನೀರಿನ ಮೇಲಿನ ಎಣ್ಣೆಯನ್ನೆಲ್ಲ ಹೀರಿಸಿ ಎತ್ತುತ್ತಿದ್ದಾನೆ. ಎತ್ತಿದ ಹುಲ್ಲು ಆಗಲೇ ಗೋಡೆಯ ಮೂಲೆಯಲ್ಲಿ ಧಗಧಗ ಉರಿಯುತ್ತಿದೆ. ಇಮಾಮ್‌ಬೀ ಕೈಯಲ್ಲಿ ನೀರು ತಿಳಿಗೊಳಿಸುವ ಪಟಕದ ಗಟ್ಟಿ, ಕಂಕುಳಲ್ಲಿ ಊದಿನಕಡ್ಡಿಯ ಕಟ್ಟು.

"ಏನು ಮಾಡಾಕತ್ತೀರವ್ವ ಇದು!" ಎಂದು ಅಯ್ಯಪ್ಪ ಕೂಗಿದ.

"ದೊಡ್ಡ ಆಫೀಸರು ಬರಾಕತ್ಯಾರ, ಹೊಲಸು ನೀರು ತೋರಸ್ತಿಯೇನಣ್ಣ?" ಎಂದಳು ಗ್ಯಾನಮ್ಮ. "ಓಣಿ ಇಜ್ಜತ್ತಿನ ಪ್ರಶ್ನಿ. ನೀ ಒಬ್ಬಾತ, ಎಷ್ಟಂತ ಸೇದತಿ? ಸುಮ್ಮ ಕುಂದ್ರು."

ಹೊಲಸು ನೀರು ತೋರಿಸುವುದಕ್ಕೇ ಅವರನ್ನು ಕರೆಸಿದ್ದು ಎಂದು ಅಯ್ಯಪ್ಪ ಬಾಯಿ ತೆರೆದ. ಅಷ್ಟರಲ್ಲಿ ಇಮಾಮ್‌ಬೀ ಅವನ ಕೈಯಿಂದ ಕಪ್ಪಿನ ಪೊಟ್ಟಣ ಕಸಿದುಕೊಂಡು ಒಳಗೆ ಹೋಗಿ, ಎಲ್ಲರಿಗೂ ಚಹಾ ಮಾಡಿ ತಂದು, ಮೊದಲ ಕಪ್ಪು ಅವನಿಗೇ ಕೊಟ್ಟಳು. "ಬೈಠೋ ಭಾಯಿ. ಎಷ್ಟು ಸೊರಗೀಯಪ್ಪ! ಉಣ್ಣಾಕತ್ತೀಯೋ ಇಲ್ಲೋ?"

ವರ್ಷದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಯ್ಯಪ್ಪ ಕೂತುಬಿಟ್ಟ. ಗಡಗಡಿ ಕಿರುಗುಟ್ಟುತ್ತಿತ್ತು. ಯಾರೋ ಯಾರಿಗೋ ಬೈದರು, ಎಲ್ಲರೂ ನಕ್ಕರು. ಬಾಲಪ್ಪ ಕಾಲು ಜಾರಿ ಕೆಸರಿನಲ್ಲಿ ಕೂತ, ಮತ್ತೊಮ್ಮೆ ನಕ್ಕರು. ಬ್ಯಾಡ ಅನ್ನು, ಈಗಲೇ ಅನ್ನು ಎಂದು ಅಯ್ಯಪ್ಪನ ಬುದ್ಧಿ ಹೇಳುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಎಂದು ಮನಸ್ಸು ಗೋಗರೆಯುತ್ತಿತ್ತು. ಈ ಸ್ವಲ್ಪ ಹೊತ್ತಿನಲ್ಲಿ ಬಾವಿಯ ತಳ ಕಂಡು, ಪಕ್ಕದ ಸೆಲೆಯಿಂದ ಹೊಸ ನೀರು ಜಿನುಗಿ, ಬಾಲಪ್ಪ ಬೊಗಸೆ ತುಂಬ ಕುಡಿದು, "ಥೇಟ್ ಕಲ್ಲುಸಕ್ರಿ!" ಎಂದು ಸಾರಿಯೂ ಆಯಿತು.

ಆಗ ಫೋನು ಬಂತು. ಲಿಂಗಸುಗೂರಿನಿಂದ ಹೊರಟಿದ್ದ ಮೇಡಂ ಮಸ್ಕಿ ದಾಟಿದ್ದರು.

ಅಯ್ಯಪ್ಪ ಥಟ್ಟನೆ ಎದ್ದ. ವರ್ಷವೆಲ್ಲ ಹಾಡು ಕೇಳಿದ್ದು, ಮಂಡಾಳು ತಿಂದದ್ದು, ಎಲ್ಲ ಈ ದಿನಕ್ಕಾಗಿ. ಬಂದವರು ಈ ಕಲ್ಲುಸಕ್ಕರೆ ನೀರು ಕುಡಿದು, ಮುದುಕನಿಗೆ ತಲೆ ಕೆಟ್ಟಿದೆ ಎಂದು ಹೋಗುತ್ತಾರೆ. ನಾಲ್ಕು ದಿನದಲ್ಲಿ ಟ್ಯಾಂಕಿನಿಂದ ಮತ್ತೆ ಡೀಸೆಲ್ ಸೋರಿ ಬರುತ್ತದೆ. ಹೆಂಗಸರು ಮತ್ತೆ ಹೋಗುತ್ತಾರೆ. ಆಮೇಲೆ ಸಾಯುವವರೆಗೆ ಯಾರೂ ಬರುವುದಿಲ್ಲ.

"ಎಲ್ರೂ ರಸ್ತಾಕ್ಕ ಹೋಗಿ ನಿಂದರ್ರಿ. ಮೇಡಂಗ ಮನಿ ಗುರ್ತಾಗಂಗಿಲ್ಲ" ಎಂದು ಇಡೀ ಓಣಿಯನ್ನು ಹೊರಗೆ ಅಟ್ಟಿದ. ತಾನು ಅಡುಗೆಮನೆಯ ಹಳೇ ಕ್ಯಾನು ಹಿಡಿದು, ಹಿಂಬಾಗಿಲಿನಿಂದ ಬಂಕಿಗೆ ಓಡಿದ.

ಬಂಕಿನಲ್ಲಿ ಪೈಪು ಹಿಡಿಯುವ ದುರುಗೇಶ, ಮೀಸೆ ಹಣ್ಣಾದ ಆಳು, ಅವನನ್ನು ಕಂಡು ಅರಳಿಹೋದ. "ಕಾಕಾ! ವರ್ಷಾದ ಮ್ಯಾಲೆ ಬಂದ್ಯಲ್ಲೋ! ಸಿಟ್ಟು ಇಳೀತಾ?"

"ಅರ್ಧ ಲೀಟರ್ ಡೀಸೆಲ್ ಹಾಕು. ಜಲ್ದಿ."

"ಸೈಕಲ್ಲಿಗೆ ಡೀಸೆಲ್ ಯಾತಕ್ಕ ಕಾಕಾ?"

"ಮೊಣಕಾಲಿಗೆ ಹಚಗೋತೀನಿ, ಹಾಕಲೇ!"

ಬಾವಿಯ ಹತ್ತಿರ ಬಂದು ಬಗ್ಗಿದ. ಕೆಳಗೆ ತಿಳಿನೀರಿನಲ್ಲಿ ತನ್ನ ಮುಖ ಕಂಡಿತು. ಪಕ್ಕದಲ್ಲಿ ಒಂದು ತುಂಡು ಆಕಾಶ ಬಿಟ್ಟರೆ ಮತ್ತೇನೂ ಇರಲಿಲ್ಲ. ಕಣ್ಣು ಮುಚ್ಚಿ ಕ್ಯಾನು ಬಗ್ಗಿಸಿದ. ಡೀಸೆಲ್ ಬಾವಿಯ ಒಳಗೋಡೆಯ ಕಲ್ಲುಗಳ ಮೇಲೆ ಹರಿದು ನೀರಿಗೆ ಬಿತ್ತು. ಮುಖ ಕದಡಿ ಹೋಯಿತು. ಹೆಂಡತಿ ಇದ್ದಿದ್ದರೆ ಅದೇ ಕ್ಯಾನಿನಿಂದ ಬಡಿಯುತ್ತಿದ್ದಳು ಅನ್ನಿಸಿ ಅವನಿಗೆ ಅಳು ಬಂತು.

ಅನುಪಮಾ ಮೇಡಂ ಸದ್ದೇ ಇಲ್ಲದ ಬ್ಯಾಟರಿ ಕಾರಿನಲ್ಲಿ ಬಂದಿಳಿದರು. "ಎಣ್ಣಿ ಕಂಪನ್ಯಾರೇ ಎಣ್ಣಿ ಬಿಟ್ಟಾರಲೇ!" ಎಂದು ಬಾಲಪ್ಪ ಹುಬ್ಬೇರಿಸಿದ. ಇನ್ನೂ ಮೂವತ್ತು ದಾಟದ ಇಂಜಿನಿಯರ್ ಹುಡುಗಿ ಅವರು, ಮಾತು ನೇರ. ಅಯ್ಯಪ್ಪನಿಗೆ ಕೈ ಮುಗಿದರು.

"ಅಜ್ಜಾರ, ಮೊದಲಿಗೆ ಕ್ಷಮಾ ಕೇಳ್ತೀನಿ. ತಪ್ಪು ನಮ್ಮದ. ಟ್ಯಾಂಕ್ ತೂತಾಗಿತ್ತು. ಹೋದ ತಿಂಗಳು ತಗದು ಹೊಸಾದು ಕುಂದರ್ಸೀವಿ. ಇನ್ನ ಒಂದು ಹನಿ ಸೋರಂಗಿಲ್ಲ."

ಅಯ್ಯಪ್ಪ ಬಾವಿಯ ಕಡೆ ತಿರುಗಿ ನೋಡಿದ. "ಸೋರಂಗಿಲ್ರಿ? ಹಂಗಾದ್ರ ಬಾವ್ಯಾಗ ಇದ್ದದ್ದು...?"

"ಹಳೇದು ನಿಂತದ್ದು ಅಷ್ಟ. ಒಮ್ಮೆ ಸೇದಿ ಹಾಕಿದ್ರ ನೀರು ಮೊದಲಿನಂಗ ಆಗ್ತದ. ಬಾವಿ ಕಟ್ಟಿಸಿ ಕೊಡೋದು, ಪರಿಹಾರ, ಎಲ್ಲಾ ಕಂಪನಿದ. ನಮ್ಮ ಡೀಸೆಲ್ ಇಲ್ಲಿಗೇ ಬಂದಿತ್ತು ಅನ್ನಾಕ ಒಂದು ಸ್ಯಾಂಪಲ್ ಒಯ್ತೀನಿ, ಮುಗೀತು."

"ನಾವು ಸೇದೀವ್ರಿ ಮೇಡಂ!" ಎಂದು ಗ್ಯಾನಮ್ಮ ಮುಂದೆ ನುಗ್ಗಿದಳು. "ನೋಡ್ರಿ ಬೇಕಾದ್ರ, ಗಂಗೀನ ಆಗ್ಯಾಳ!"

"ಚಿಂತಿಲ್ಲ. ಕಲ್ಲಿಗೆ ಹತ್ತಿದ ಹಳೇ ಜಿಡ್ಡು ಸಾಕು" ಎಂದು ಮೇಡಂ ಬಗ್ಗಿದರು. ಬಗ್ಗಿದವರು ಮೂಗು ಹಿಡಿದರು. ಸಣ್ಣ ಬಕೆಟ್ ಇಳಿಸಿ ನೀರೆತ್ತಿ ಬಿಸಿಲಿಗೆ ಹಿಡಿದರು. "ಇದು ಹಳೇದಲ್ಲ. ಹಳೇದು ಕರ್ರಗಿರ್ತದ. ಇದು ಇವತ್ತಿಂದು. ಯಾರು ಸುರದ್ರಿ?"

ಮೇಡಂ ಬಂದರೆಂದು ಬಂಕಿನಿಂದ ಓಡಿ ಬಂದಿದ್ದ ದುರುಗೇಶ ತನ್ನ ಕೆಲಸದ ಚುರುಕು ತೋರಿಸಲು ಇದೇ ಸಮಯವೆಂದು ತಿಳಿದ. "ಹೊಸಾ ಟ್ಯಾಂಕಿನ ಮಾಲ್ ಅದ್ರಿ ಮೇಡಂ! ಕಾಕಾ ಈಗಷ್ಟ ಒಯ್ದಾನ. ಅವನ ಮೊಣಕಾಲಿಗಂತ ನಾನ ಹಾಕಿ ಕೊಟ್ಟೀನಿ."

ಎಲ್ಲರೂ ಅಯ್ಯಪ್ಪನ ಮೊಣಕಾಲು ನೋಡಿದರು.

ಮೇಡಂ ಬಕೆಟ್ಟಿನ ನೀರು ಚೆಲ್ಲಿದರು. ಅವರಿಗೆ ಸಿಟ್ಟಿಗಿಂತ ಬೇಜಾರೇ ಹೆಚ್ಚಾಗಿತ್ತು. "ಕಲ್ಲಿನ ಮ್ಯಾಲೂ ಹೊಸಾದು ಕೂಡೇತಿ ಅಜ್ಜಾರ. ಈಗ ನಾ ಏನು ಒಯ್ದ್ರೂ, ಎಲ್ಲಾ ನೀವ ಸುರದದ್ದು ಅಂತಾರ ಆಫೀಸ್‌ನ್ಯಾಗ. ನಮ್ಮ ತಪ್ಪು ತೋರ್ಸಾಕ ನನಗ ಒಂದು ಹನಿ ಉಳಿಲಿಲ್ಲ. ಈ ಬಾವಿಗೆ ಇನ್ನ ಕಂಪನಿ ಜವಾಬ್ದಾರಿ ಅಲ್ಲ, ನೀವ ಜವಾಬ್ದಾರಿ." ಕಾರು ಬಂದಷ್ಟೇ ಸದ್ದಿಲ್ಲದೆ ಹೋಯಿತು.

ಬಾಲಪ್ಪನಿಗೂ ನಗು ಬರಲಿಲ್ಲ. ಗ್ಯಾನಮ್ಮ ಬೊಬ್ಬೆ ಎದ್ದ ಅಂಗೈ ನೋಡಿಕೊಂಡಳು.

"ನಾವು ಸೇದುವಾಗ ಬ್ಯಾಡ ಅನ್ನಬೇಕಿಲ್ಲೇನಣ್ಣ? ಯಾಕ ಸುಮ್ಮ ಕುಂತಿ?"

ಅಯ್ಯಪ್ಪ ನೆಲ ನೋಡಿದ. "ನೀವೆಲ್ಲಾ ಬಂದಿದ್ರೆಲ್ಲವ್ವ. ಬ್ಯಾಡ ಅಂದ್ರ ಹೋಗಿಬಿಡ್ತೀರಿ ಅಂತ ಅಂಜಿಕಿ ಬಂತು."

ಗ್ಯಾನಮ್ಮನ ಮುಖ ಮೆತ್ತಗಾಯಿತು. "ಅದಕ್ಕ ಬಾವಿನ ಬೇಕೇನಪ್ಪ? ಕರದಿದ್ರ ಬರತಿದ್ದಿಲ್ಲೇನು ನಾವು? ನಿನಗ ಸಿಟ್ಟು ಬಂದೈತಿ, ಯಾರ ಮಾತೂ ಬ್ಯಾಡಾಗ್ಯಾವ ಅಂತ ನಾವ ದೂರ ಇದ್ವಿ."

"ಖರೇನ?" ಎಂದ ಅಯ್ಯಪ್ಪ. "ಹಂಗಾದ್ರ ಈಗ ಕರೀತೀನಿ. ಕುಂದ್ರಿ. ಎಲ್ರೂ ಕುಂದ್ರಿ. ನಾನ ಅಡಿಗಿ ಮಾಡ್ತೀನಿ, ಉಂಡ ಹೋಗ್ರಿ."

ಇಮಾಮ್‌ಬೀ ಮೊದಲು ಕೂತಳು. ಬಾಲಪ್ಪ, "ಮಂಡಾಳು ಬ್ಯಾಡಲೇ ಮತ್ತ" ಎನ್ನುತ್ತ ಕಟ್ಟೆಗೆ ಒರಗಿದ. ಗ್ಯಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಯಂಕಮ್ಮ ಕೂರುತ್ತಿದ್ದ ಜಾಗದಲ್ಲೇ ಕೂತಳು. ಅಯ್ಯಪ್ಪ ಒಳಗೆ ಹೋಗಿ, ಅಕ್ಕಿಯ ಡಬ್ಬಿ ಹುಡುಕಿ ಮುಚ್ಚಳ ತೆಗೆದ.

ಅಷ್ಟರಲ್ಲಿ ಓಣಿಯ ತುದಿಯಿಂದ ಯಾರೋ ಕೂಗಿದರು. "ನಳಾ ಬಂದಾವ್ರೇ!"

ವಾರದ ಮೇಲೆ ಬಂದ ನಳ. ಯಾವಾಗ ನಿಂತೀತೋ ಹೇಳುವಂತಿಲ್ಲ. ಅಯ್ಯಪ್ಪ ಡಬ್ಬಿ ಹಿಡಿದು ಹಿತ್ತಲಿಗೆ ಬರುವಷ್ಟರಲ್ಲಿ ಒಬ್ಬರೂ ಇರಲಿಲ್ಲ. ಓಣಿಯ ತುಂಬ ಕೊಡಗಳ ಸದ್ದು, ಜಗಳ, ನಗು. ಅವನ ಹಿತ್ತಲ ನಳವೂ ಬುಸುಗುಡುತ್ತ ನೀರು ಬಿಟ್ಟಿತು. ಅವನಿಗೆ ಅವಸರವೇನೂ ಇರಲಿಲ್ಲ. ಹೋದ ವಾರ ಹಿಡಿದ ಕೊಡದಲ್ಲೇ ಇನ್ನೂ ಅರ್ಧ ನೀರಿತ್ತು.