ಅಲುಗಾಡದ ವಸ್ತು

ಬಾಲಮ್ಮ: ಮನ್ಯಾಗ ಕಳುವಾಗಿಲ್ರಿ ಮೇಡಂ, ಎಷ್ಟು ಸಲ ಹೇಳ್ಲಿ? ನಮ್ಮ ಮನಿ ಊರಾಗೈತಿ, ಮಾನ್ವಿ ಕಡೆ. ಸೈಕಲ್ ಹೋಗಿದ್ದು ಇಲ್ಲಿ, ರೂಮ್ನಾಗ.

ಬೃಂದಾ: ಅಮ್ಮಾ, ನೀವಿರೋದು ಎಲ್ಲಿ?

ಬಾಲಮ್ಮ: ಇಲ್ಲೇ.

ಬೃಂದಾ: ಅಡುಗೆ, ಊಟ, ನಿದ್ದೆ?

ಪೀರಪ್ಪ: ನಿದ್ದಿ ಎಲ್ಲಾ ಇಲ್ಲೇರಿ.

ಬೃಂದಾ: ಮತ್ತೆ ಇದೇ ಅಲ್ವಾ ಮನೆ?

ಬಾಲಮ್ಮ: ಬಾಡಿಗಿ ಕೊಡೋದು ಮನಿ ಹೆಂಗಾತೈತ್ರಿ? ಇದು ರೂಮು.

ಬೆಂಗಳೂರಿನ ಮರ್ಫಿ ಟೌನಿನ ಆ ಒಂದೇ ಕೋಣೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ವಿಮಾ ಕಂಪನಿಯ ಬೃಂದಾ ಮೊಬೈಲ್ ಹಿಡಿದು ಕೂತಿದ್ದಳು. ಬಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಗಂಡ ಪೀರಪ್ಪ ಚಾಪೆಯ ಮೇಲೆ ಕಾಲು ಚಾಚಿ ಗೋಡೆಗೊರಗಿದ್ದ. ಯಾರು ಬಂದರೂ ಏಳುವ ಪೈಕಿ ಅವನಲ್ಲ. ಕಳುವಾದದ್ದು ಬಾಲಮ್ಮನ ಸೈಕಲ್ಲು. ಇಂದಿರಾನಗರದ ಶೀಬಾ ಅವರ ಮನೆಗೆ ಅಡುಗೆಗೆ ಹೋಗಲು ಅವಳಿಗೆ ಅದೇ ಗತಿ. ಅದು ಹೋದಮೇಲೆ ನಡೆದೇ ಹೋಗುತ್ತಾಳೆ, ದಿನಾ ತಡ. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಶೀಬಾ ಹೇಳಿಯಾಗಿತ್ತು. ಪುಣ್ಯಕ್ಕೆ ಅಂಗಡಿಯವನ ಮಾತು ಕೇಳಿ ಸೈಕಲ್ಲಿಗೆ ವಿಮೆ ಮಾಡಿಸಿದ್ದಳು. ಆ ಹಣ ಬಂದರೆ ಹೊಸ ಸೈಕಲ್ಲು, ಬಾರದಿದ್ದರೆ ಕೆಲಸಕ್ಕೂ ಸಲಾಮು.

ಬೃಂದಾ: ನೋಡಿ, ಪಾಲಿಸೀಲಿ ಇರೋದೇ ಎರಡು ಥರ. ಮನೇಲಿ ಕಳುವಾದ್ರೆ ಬಾಗ್ಲಿಗೆ ಬೀಗ ಹಾಕಿರ್ಬೇಕು. ಹಾಕಿದ್ರಾ?

ಬಾಲಮ್ಮ: ನೀರು ಬಿಟ್ಟಿದ್ರು, ಕೊಡ ತಗೊಂಡು ನಳಕ್ಕ ಓಡಿದ್ನಿ. ಗಂಡ ಒಳಗ ಮಲಗಿದಾಗ ಯಾರು ಬೀಗ ಹಾಕ್ತಾರ್ರಿ?

ಬೃಂದಾ: ಹಾಗಾದ್ರೆ ಮನೆ ಲೆಕ್ಕದಲ್ಲಿ ದುಡ್ಡು ಬರಲ್ಲ.

ಬಾಲಮ್ಮ: ಅದಕ್ಕ ಹೇಳಾಕತ್ತೀನಿ, ಇದು ಮನಿ ಅಲ್ಲ.

ಬೃಂದಾ: ಸರಿ, ಹೊರಗಡೆ ಅಂತ್ಲೇ ಇಟ್ಕೊಳ್ಳೋಣ. ಹೊರಗಡೆ ಆದ್ರೆ ಸೈಕಲ್‌ನ ಅಲುಗಾಡದ ವಸ್ತುವಿಗೆ ಚೈನ್ ಹಾಕಿ ಕಟ್ಟಿರ್ಬೇಕು. ಕಂಬ, ಗ್ರಿಲ್ಲು, ಅಂಥದ್ದು.

ಬಾಲಮ್ಮ: ಕಟ್ಟಿದ್ನಲ್ರಿ.

ಬೃಂದಾ: ಯಾವುದಕ್ಕೆ?

ಬಾಲಮ್ಮ ಗಂಡನನ್ನು ನೋಡಿದಳು. ಗಂಡ ಗೋಡೆ ನೋಡಿದ.

ಬಾಲಮ್ಮ: ಇವ್ರ ಕಾಲಿಗೆ.

ಬೃಂದಾ: ಗಂಡನ ಕಾಲಿಗಾ?

ಬಾಲಮ್ಮ: ಕಿಟಕಿಗೆ ಸರಳಿಲ್ಲ. ಕಂಬಕ್ಕ ಕಟ್ಟಿದ್ರ ಓನರ್ ಅಕ್ಕಯಮ್ಮ ಬೈತಾಳ. ಈ ರೂಮ್ನಾಗ ಇದ್ದಲ್ಲೇ ಇರೋದು ಇವ್ರೊಬ್ರೇ.

ಪೀರಪ್ಪ: ಏ, ಹೊರಗಿನವ್ರ ಮುಂದ ಮರ್ಯಾದಿ ತಗೀಬ್ಯಾಡ. ಮೇಡಂ, ನಾ ಅಲುಗಾಡ್ತೀನ್ರಿ. ಮೊನ್ನೆ ಹಲಸೂರು ಕೆರಿ ತನಕ ಹೋಗಿ ಬಂದೀನಿ.

ಬಾಲಮ್ಮ: ಅದು ಹ್ವಾದ ವರ್ಷ.

ಪೀರಪ್ಪ: ಹೋಗಿದ್ದು ಖರೆ ಐತಲ್ಲ.

ಬಾಲಮ್ಮ: ಬಾಯಿ ಮುಚ್ಕೊಂಡು ಕೂಡ್ರಿ. ನೀವು ಅಲುಗಾಡಿದ್ರ ರೊಕ್ಕ ಹೋತೈತಿ.

ಬೃಂದಾ: ಸರ್, ಕಾಲಿಂದ ಚೈನ್‌ನ ಕಳ್ಳ ಹೇಗೆ ಬಿಡಿಸ್ಕೊಂಡ? ಕತ್ತರಿಸಿದ್ನಾ?

ಪೀರಪ್ಪ: ಇಲ್ರಿ. ನಿದ್ದ್ಯಾಗ ಯಾರೋ 'ಅಣ್ಣಾ, ಕಾಲ್ ಸ್ವಲ್ಪ ಎತ್ತು' ಅಂದಂಗಾತು. ಎತ್ತಿದ್ನಿ.

ಬೃಂದಾಳ ಬೆರಳು ಮೊಬೈಲಿನ ಮೇಲೆ ಹಾಗೇ ನಿಂತಿತು.

ಬೃಂದಾ: ಅಂದ್ರೆ ನೀವು ಅಲುಗಾಡಿದ್ರಿ.

ಬಾಲಮ್ಮ: ಸುಳ್ಳುರಿ. ದಿನಾ ಕಸ ಹೊಡಿಯುವಾಗ ಕಾಲ್ ಎತ್ರಿ, ಕಾಲ್ ಎತ್ರಿ ಅಂತ ಬಾಯಿ ಬಡ್ಕೊಂತೀನಿ. ಮದಿವ್ಯಾದಾಗಿಂದ ಒಂದು ದಿನ ಎತ್ತಿಲ್ಲ. ಹೆಂಡ್ತಿ ಮಾತಿಗೆ ಏಳದ ಕಾಲು ಕಳ್ಳನ ಮಾತಿಗೆ ಏಳತೈತೇನ್ರಿ?

ಪೀರಪ್ಪ: ಅವ ಪ್ರೀತಿಲೆ ಕೇಳಿದ.

ಬಾಲಮ್ಮನಿಗೆ ಅಳು ಬಂತು, ಸಿಟ್ಟಿಗೆ. ಮೂಲೆಯಲ್ಲಿದ್ದ ಕಸಬರಿಗೆ ತಗೊಂಡು ಚಾಪೆಯ ಕಡೆಯಿಂದ ಬರಬರ ಗುಡಿಸತೊಡಗಿದಳು. ಕಸಬರಿಗೆ ಸದ್ದು ಕೇಳಿದ್ದೇ ತಡ, ಪೀರಪ್ಪ ಅಭ್ಯಾಸಬಲದಿಂದ ಸೂರು ನೋಡತೊಡಗಿದ.

ಬಾಲಮ್ಮ: ಕಾಲ್ ಎತ್ರಿ.

ಕಾಲು ಏಳಲಿಲ್ಲ.

ಬೃಂದಾ: ಸರ್, ಕಾಲು.

ಆಗಲೂ ಏಳಲಿಲ್ಲ. ಬಾಲಮ್ಮ ಕಾಲಿನ ಸುತ್ತ ಗುಡಿಸಿಕೊಂಡು ಮುಂದೆ ಹೋದಳು. ಬೃಂದಾ ಉಸಿರುಬಿಟ್ಟು ಮೊಬೈಲಿನಲ್ಲಿ ಏನನ್ನೋ ಒತ್ತಿದಳು.

ಬೃಂದಾ: 'ಅಲುಗಾಡದ ವಸ್ತು, ಹೌದು' ಅಂತ ಹಾಕಿದೀನಿ. ನಮ್ಮನೇಲೂ ಒಂದಿದೆ ಬಾಲಮ್ಮೋರೆ, ಟೀವಿ ಮುಂದೆ. ನಾಳೆ ನಮ್ಮ ಮ್ಯಾನೇಜರ್ ಒಂದ್ಸಲ ನೋಡೋಕೆ ಬರ್ತಾರೆ. ಅವ್ರು ಒಪ್ಪಿದ್ರೆ ದುಡ್ಡು ಬಂತು ಅಂತ್ಲೇ ತಿಳ್ಕೊಳಿ.

ಅವಳು ಓಣಿ ದಾಟುವುದರೊಳಗೆ ಪೀರಪ್ಪ ದಡಕ್ಕನೆ ಎದ್ದು ಮೊಳೆಗೆ ನೇತುಹಾಕಿದ್ದ ಅಂಗಿ ತಗೊಂಡ. ಮುಖ ಕೆಂಪಾಗಿತ್ತು.

ಪೀರಪ್ಪ: ವಸ್ತು ಅಂದ್ಲಲ್ಲ ನನ್ನ. ಕೆಲಸಕ್ಕ ಬಾ ಅಂತ ನಮ್ಮೂರ ಮೇಸ್ತ್ರಿ ಈರೇಶ ಕರದು ಕರದು ಸಾಕಾಗ್ಯಾನ. ಈಗಿಂದೀಗ ಹೋಗಿ ಸೇರ್ಕೊಂತೀನಿ.

ಈ ಒಂದು ಮಾತಿಗಾಗಿ ಬಾಲಮ್ಮ ಹರಕೆ ಹೊರದ ದೇವರಿರಲಿಲ್ಲ. ಅವಳು ಬಾಗಿಲು ಹಾಕಿ, ಚಿಲಕ ಜಡಿದು, ಅಡ್ಡ ನಿಂತಳು.

ಬಾಲಮ್ಮ: ಕೂಡ್ರಿ ಸುಮ್ನ. ಇಷ್ಟು ವರ್ಷ ಕೂತೀರಿ, ನಾಳಿ ಮ್ಯಾನೇಜರ್ ಬಂದು ಹೋಗೋ ತನಕ ಕೂಡ್ರಾಕ ಏನು ಧಾಡಿ ನಿಮ್ಗ?