ಸೋಲಲು ಒಪ್ಪದ ಜನರಲ್

ಹತ್ತು ಜನ ಕನ್ನಡಿಗರು ಸೇರಿ ಏನಾದರೂ ಮಾಡಲು ಹೊರಟರೆ ಮೊದಲು ವಾಟ್ಸ್ಯಾಪ್ ಗುಂಪು ಹುಟ್ಟುತ್ತದೆ, ಆಮೇಲೆ ಜಗಳ ಹುಟ್ಟುತ್ತದೆ, ಕೆಲಸ ಹುಟ್ಟುವುದು ಕೊನೆಗೆ. ಸಿಯಾಟಲ್‌ಗೆ ಬಂದು ಇಷ್ಟು ವರ್ಷವಾದರೂ ಇದು ತಪ್ಪಿದ್ದನ್ನು ನಾನು ನೋಡಿಲ್ಲ.

ಈ ಸಲ ಹೊರಟದ್ದು ಸಿನಿಮಾ ಮಾಡಲು. ಎರಡನೇ ಮಹಾಯುದ್ಧದಲ್ಲಿ ಸೋತುಹೋದ ಒಬ್ಬ ಜರ್ಮನ್ ಜನರಲ್‌ನ ಜೀವನಕಥೆ, ಕನ್ನಡದಲ್ಲಿ, ನಲವತ್ತು ನಿಮಿಷ. ಬರೆದವನು ನಾನು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಹೆಂಡತಿಯ ಕೆಲಸದ ಹಿಂದೆ ಬಂದು ಫ್ರೀಮಾಂಟ್‌ನ ಆಫೀಸುಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತೇನೆ. ಕಸ ಗುಡಿಸುವವರ ಮುಷ್ಕರದಲ್ಲಿ ಬೋರ್ಡು ಹಿಡಿದು ನಿಂತದ್ದರಿಂದ ಎಲ್ಲರೂ ನನ್ನನ್ನು 'ಕಾಮ್ರೇಡ್' ಎನ್ನುತ್ತಾರೆ, ಗೌರವದಿಂದೇನಲ್ಲ.

ಚರಿತ್ರೆ ಓದಿದ್ದು ಲೈಬ್ರರಿಯಲ್ಲಿ. ಓದಿದಷ್ಟೂ ಸಿಟ್ಟು ಬಂತು. ಯುದ್ಧ ಮುಗಿದ ಮೇಲೆ ಇಂಥ ಜನರಲ್‌ಗಳು "ನಾವು ಬರೀ ಸಿಪಾಯಿಗಳು, ಪಾಪ" ಎಂದು ಆತ್ಮಕಥೆ ಬರೆದರು. ಅವರ ಸಹಿಯಿಂದ ಸುಟ್ಟುಹೋದ ಹಳ್ಳಿಗಳ ಕಡೆಯಿಂದ ಆತ್ಮಕಥೆ ಬರೆಯಲು ಯಾರೂ ಉಳಿದಿರಲಿಲ್ಲ. ಅದಕ್ಕೇ ನನ್ನ ಕಥೆಯಲ್ಲಿ ಒಂದು ದೃಶ್ಯವಿತ್ತು: ಜನರಲ್ ಹಳ್ಳಿ ಸುಡುವ ಆದೇಶಕ್ಕೆ ಸಹಿ ಹಾಕುತ್ತಾನೆ. ಅದಿದ್ದರೆ ಅವನ ಪತನಕ್ಕೆ ಅರ್ಥ. ಇಲ್ಲದಿದ್ದರೆ ಅಯ್ಯೋಪಾಪ ಸಿನಿಮಾ. ಆ ಒಂದು ದೃಶ್ಯ ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಇದು.

ಸೈನಿಕರಿಲ್ಲದ ಸೈನ್ಯ

ಪಾತ್ರ ಹಂಚುವ ದಿನ ಹತ್ತು ಗಂಡಸರು, ಒಬ್ಬ ಹೆಂಗಸು ಬಂದರು. ಜನರಲ್ ಪಾತ್ರ ಪಕ್ಕದೂರು ಕರ್ಕ್‌ಲ್ಯಾಂಡ್‌ನ ಒಬ್ಬ ಮ್ಯಾನೇಜರ್‌ಗೆ ಹೋಯಿತು. ಎತ್ತರ ಇದ್ದರು, ದನಿ ಇತ್ತು, ಕ್ಯಾಮೆರಾ ಅವರದೇ ಆಗಿತ್ತು. ಹೆಂಡತಿಯ ಪಾತ್ರಕ್ಕೆ ಮೈಸೂರಿನ ಒಬ್ಬ ಮುಸ್ಲಿಂ ಹೆಣ್ಣುಮಗಳು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿರುವವರು, ತಪ್ಪು ಹುಡುಕುವುದೇ ಅವರ ಉದ್ಯೋಗ.

ಉಳಿದ ಒಂಬತ್ತು ಜನಕ್ಕೆ ಸೈನಿಕರಾಗಿ ಎಂದೆ.

"ಸೈನಿಕ ಅಂದ್ರೆ ಎಂಟ್ರಿ ಲೆವೆಲ್ ಅಲ್ವಾ ಕಾಮ್ರೇಡ್?" ಎಂದ ಒಬ್ಬ.

"ಹೌದು."

"ನಾನು ಹೋದ ವರ್ಷವೇ ಸೀನಿಯರ್ ಆದೆ. ಫೋಟೋ ಹಾಕಿದ್ರೆ ಆಫೀಸ್‌ನೋರು ಏನಂದ್ಕೋತಾರೆ?"

ಇನ್ನೊಬ್ಬ, "ಡೈಲಾಗ್ ಬೇಡ, ಟೈಟಲ್ ಕೊಟ್ಬಿಡಿ ಸಾಕು" ಎಂದ.

ಸಂಜೆ ಹೊತ್ತಿಗೆ ಐದು ಕರ್ನಲ್, ಮೂರು ಮೇಜರ್ ಮತ್ತು ಒಬ್ಬ ಯುದ್ಧ ಸಲಹೆಗಾರ ತಯಾರಾದರು. ಸೈನಿಕ ಒಬ್ಬನೂ ಇಲ್ಲ. ಈ ಸೈನ್ಯ ಯಾಕೆ ಸೋತಿತು ಎಂದು ಪ್ರೇಕ್ಷಕರಿಗೆ ವಿವರಿಸುವ ಕೆಲಸ ನನಗೆ ತಪ್ಪಿತು.

ಕಾರ್ಪೆಟ್

ಜನರಲ್‌ನ ನೆಲಮಾಳಿಗೆಗೆ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನಲ್ಲಿ ಒಬ್ಬ ಕರ್ನಲ್ಲನ ಮನೆಯ ಬೇಸ್‌ಮೆಂಟ್ ಸಿಕ್ಕಿತು. ಗೋಡೆಗೆ ನಕ್ಷೆ ಅಂಟಿಸಿದೆವು, ದೀಪ ಮಂಕು ಮಾಡಿದೆವು. ಸೇನಾಧಿಕಾರಿಗಳು ಬಂದರು. ಹತ್ತು ಜನವೂ ಬಾಗಿಲಲ್ಲಿ ಬೂಟು ಬಿಚ್ಚಿ ಸಾಲಾಗಿ ಜೋಡಿಸಿ ಒಳಗೆ ಬಂದರು.

"ಬೂಟು ಹಾಕ್ಕೊಳ್ರೀ!" ಎಂದೆ.

ಮೆಟ್ಟಿಲ ಮೇಲಿಂದ ಕರ್ನಲ್ಲನ ಹೆಂಡತಿಯ ದನಿ ಬಂತು. "ಕಾರ್ಪೆಟ್ ಶಾಂಪೂ ಮಾಡ್ಸಿ ಒಂದು ವಾರ ಆಗಿಲ್ಲ. ಬೂಟು ಹಾಕಿದ್ರೆ ಯುದ್ಧ ಹೊರಗೆ ಡ್ರೈವ್‌ವೇನಲ್ಲಿ ಮಾಡ್ಕೊಳ್ಳಿ."

ಹೊರಗೆ ಮಳೆ. ಕಾಲು ಕಾಣದ ಹಾಗೆ ತೆಗೆಯೋಣ ಎಂದುಕೊಂಡೆವು. ಆದರೆ ಜನರಲ್‌ಗೆ ನಡೆಯುವ ಚಟ. ನಕ್ಷೆಯಿಂದ ಮೇಜಿಗೆ, ಮೇಜಿನಿಂದ ನಕ್ಷೆಗೆ ಗತ್ತಿನಿಂದ ಓಡಾಡಿದರು. ಸಿನಿಮಾದಲ್ಲಿ ಬೂಟಿನ ಸದ್ದು ಆಮೇಲೆ ಸೇರಿಸಿದ್ದೇವೆ. ಟಕ್ ಟಕ್ ಎಂದು ಕೇಳುತ್ತದೆ, ಹೆಬ್ಬೆರಳು ಕಾಲುಚೀಲದ ತೂತಿನಿಂದ ಇಣುಕುತ್ತದೆ.

ಚೆನ್ನಾಗಿ ಹೋದದ್ದೇನು

ಆವತ್ತೇ ಸೋಲಿನ ದೃಶ್ಯ. ಜನರಲ್ ಅಧಿಕಾರಿಗಳ ಮುಂದೆ "ನಾವು ಸೋತೆವು. ತಪ್ಪು ನನ್ನದು" ಎನ್ನಬೇಕು.

ಮ್ಯಾನೇಜರ್ ಕಾಗದ ನೋಡಿ ಮುಖ ಸಿಂಡರಿಸಿದರು. "ಇದು ತುಂಬಾ ನೆಗೆಟಿವ್ ಆಗುತ್ತೆ. 'ಕೆಲವು ಟಾರ್ಗೆಟ್ ಮುಂದಕ್ಕೆ ಹೋಗಿವೆ' ಅನ್ನಲಾ?"

"ಶತ್ರು ರಾಜಧಾನಿ ಒಳಗೆ ಬಂದು ಕೂತಿದ್ದಾನೆ ಸ್ವಾಮಿ."

"ಅದನ್ನ ಚಾಲೆಂಜ್ ಅನ್ನಬಹುದು. ನಮ್ಮ ಆಫೀಸಲ್ಲಿ ಏನೇ ಮುಳುಗಿದ್ರೂ ಮೀಟಿಂಗ್‌ನಲ್ಲಿ ಯಾರನ್ನೂ ದೂರೋ ಹಾಗಿಲ್ಲ."

"ಊರು ಸುಟ್ಟೋರನ್ನೂ ದೂರೋ ಹಾಗಿಲ್ವಾ?"

ಅವರು ಟೋಪಿ ಸರಿಮಾಡಿಕೊಂಡರು. ಕ್ಯಾಮೆರಾ ಓಡಿದ ಕೂಡಲೇ ಅಭ್ಯಾಸಬಲದಿಂದ ಅಧಿಕಾರಿಗಳ ಕಡೆ ತಿರುಗಿ, "ಮೊದಲು ಚೆನ್ನಾಗಿ ಹೋದದ್ದೇನು ಅಂತ ಒಬ್ಬೊಬ್ಬರಾಗಿ ಹೇಳಿ" ಎಂದರು. ಒಬ್ಬ ಕರ್ನಲ್ ಎದ್ದು ನಿಂತು, "ಟೀಮ್‌ವರ್ಕ್" ಎಂದ.

ಮೂಲೆಯಲ್ಲಿ ಐಪ್ಯಾಡ್ ಹಿಡಿದು ಕೂತಿದ್ದ ಮ್ಯಾನೇಜರ್ ಮಗಳು ತಲೆ ಎತ್ತದೆ ಹೇಳಿದಳು: "ಅಪ್ಪಾ, ಯು ಲಾಸ್ಟ್. ಜಸ್ಟ್ ಸೇ ಇಟ್."

ಹೊಸ್ತಿಲು

ಬಂಧನದ ದೃಶ್ಯ ಮ್ಯಾನೇಜರ್ ಮನೆಯಲ್ಲೇ ಆಯಿತು. ಗೆದ್ದವರ ಜೀಪು ಬಾಗಿಲಲ್ಲಿದೆ. ಮುಂದೆ ಸೆರೆ, ವಿಚಾರಣೆ, ನೇಣು. ಜನರಲ್ ಹೆಂಡತಿಗೆ "ನಾನು ಹೋಗ್ತೀನಿ" ಎಂದಷ್ಟೇ ಹೇಳಿ ಹೊರಡಬೇಕು.

ಮೊದಲ ಟೇಕ್‌ನಲ್ಲಿ "ಹೋಗಿ ಬರ್ತೀನಿ" ಎಂದರು. ಎರಡನೆಯದರಲ್ಲೂ ಅದೇ.

"ನೀವು ವಾಪಸ್ ಬರಲ್ಲ ಸಾರ್, ನೇಣು ಹಾಕ್ತಾರೆ" ಎಂದರು ಹೆಂಡತಿ ಪಾತ್ರದವರು.

"ಗೊತ್ತಮ್ಮ. ಆದ್ರೆ ಅಮ್ಮ ಕೂತಿದ್ದಾರಲ್ಲ!"

ಊರಿನಿಂದ ಬಂದಿದ್ದ ಮ್ಯಾನೇಜರ್ ತಾಯಿ ಸೋಫಾದಲ್ಲಿ ಕೂತಿದ್ದರು. ಮೂರನೇ ಟೇಕ್‌ನಲ್ಲಿ ಮ್ಯಾನೇಜರ್ ಕಣ್ಣು ಮುಚ್ಚಿ "ಹೋಗ್ತೀನಿ" ಎಂದೇಬಿಟ್ಟರು. ತಾಯಿ ಎದ್ದು ಬಂದರು. "ಎಂಥ ಮಾತೋ ಅದು, ಬಿಡ್ತು ಅನ್ನು. ಕೂತ್ಕೊ, ನೀರು ಕುಡಿದು ಹೊರಡು."

ನೇಣಿಗೆ ಹೊರಟ ಜರ್ಮನ್ ಜನರಲ್ ಬಾಗಿಲ ಬಳಿ ಕೂತು, "ಬಿಡ್ತು" ಎಂದು, ಒಂದು ಲೋಟ ನೀರು ಕುಡಿದು, ಬಲಗಾಲಿಟ್ಟು ಹೊರಗೆ ಹೋದ.

ಸಹಿ

ಇಷ್ಟಾದ ಮೇಲೆ ಉಳಿದದ್ದು ಸಹಿಯ ದೃಶ್ಯ ಒಂದೇ. ಮ್ಯಾನೇಜರ್ ಹೇಳಿದರು: "ಅದನ್ನ ತೆಗೆದುಬಿಡೋಣ ಕಾಮ್ರೇಡ್. ಜನಕ್ಕೆ ಕ್ಯಾರೆಕ್ಟರ್ ಮೇಲೆ ಸಿಂಪಥಿ ಹೋಗುತ್ತೆ."

"ಹೋಗಲಿ ಅಂತಲೇ ಬರೆದಿರೋದು."

ಮತಕ್ಕೆ ಹಾಕಿದರು. ಒಂಬತ್ತು ಅಧಿಕಾರಿಗಳೂ ಜನರಲ್ ಕಡೆ. ನನ್ನ ಕಡೆ ಮೈಸೂರಿನವರು ಒಬ್ಬರೇ. ಕೊನೆಗೆ "ಶೂಟ್ ಮಾಡೋಣ, ಎಡಿಟಿಂಗ್‌ನಲ್ಲಿ ನೋಡೋಣ" ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತು.

ಜನರಲ್ ಮುಂದೆ ಇಡುವ ಆದೇಶದ ಕಾಗದ ತಯಾರಿಸುವುದು ನನ್ನ ಕೆಲಸ. ದೊಡ್ಡ ಅಕ್ಷರದಲ್ಲಿ, ಸ್ವಚ್ಛ ಕನ್ನಡದಲ್ಲಿ ಹೀಗೆ ಅಚ್ಚು ಹಾಕಿಸಿದೆ: "ಈ ಸಹಿಯ ದೃಶ್ಯ ಸಿನಿಮಾದಲ್ಲಿ ಪೂರ್ತಿ ಇರುತ್ತದೆ. ಯಾರೂ ಕತ್ತರಿಸುವಂತಿಲ್ಲ. ಇದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ."

ಮೈಸೂರಿನವರಿಗೆ ಆ ದೃಶ್ಯದಲ್ಲಿ ಪಾತ್ರವಿಲ್ಲ, ಅದಕ್ಕೆ ಕ್ಯಾಮೆರಾ ಹಿಡಿದಿದ್ದರು. ಕಾಗದ ಓದಿದರು. ಲೆನ್ಸ್ ಒರೆಸಿ ಫೋಕಸ್ ಸರಿಮಾಡಿದರು.

ಜನರಲ್ ಬಂದು ಕೂತರು. ಒಬ್ಬ ಕರ್ನಲ್ ಕಾಗದ ಮುಂದಿಟ್ಟ. ಅವರು ನೋಡಲೂ ಇಲ್ಲ, ಸರ್ರನೆ ತಮ್ಮ ನಿಜವಾದ ಸಹಿಯನ್ನೇ ಹಾಕಿದರು. ನಾನು ಕಾಗದ ಎತ್ತಿಕೊಂಡು ಗಟ್ಟಿಯಾಗಿ ಓದಿದೆ.

ಅವರು ಕುರ್ಚಿಯಿಂದ ಎದ್ದರು. "ಇದು ಮೋಸ!"

"ಓದಬೇಕಿತ್ತು."

"ಎಲ್ಲಾ ಓದ್ತಾ ಕೂರಕ್ಕಾಗುತ್ತೇನ್ರೀ? ದಿನಾ ಎಷ್ಟು ಬರ್ತವೆ! ಕೆಳಗಿನೋರು ಕೊಟ್ರು, ಹಾಕಿದೆ. ಅದರಲ್ಲಿ ಏನಿತ್ತು ಅಂತ ನಂಗೇನು ಗೊತ್ತು?"

ಐದು ಕರ್ನಲ್‌ಗಳು, ಮೂರು ಮೇಜರ್‌ಗಳು ಅವರನ್ನೇ ನೋಡುತ್ತಿದ್ದರು. ತಾವು ಹೇಳಿದ್ದೇನು ಎಂಬುದು ಮ್ಯಾನೇಜರ್‌ಗೂ ಹೊಳೆಯಿತು. ಸಮವಸ್ತ್ರದಲ್ಲಿ ಬೆವರುತ್ತಾ, ಬಾಯಿ ತೆರೆದು, ಮುಚ್ಚಿ, ಮೆಲ್ಲಗೆ ಕುರ್ಚಿಗೆ ಕುಸಿದರು. ಇಷ್ಟು ದಿನ ನಾನು ಬಡಿದುಕೊಂಡರೂ ಬಾರದಿದ್ದ ಪತನ ಆ ಮುಖದ ಮೇಲೆ ತಾನಾಗಿ ಬಂತು.

ಮೈಸೂರಿನವರು ಹೇಳಿದರು: "ಸಾರ್, ಕ್ಯಾಮೆರಾ ಇನ್ನೂ ಆನ್ ಇದೆ."

ತೆಗೆದದ್ದನ್ನು ಹಾಕಿ ನೋಡಿದೆವು. ಅವರೇ ಮೂರು ಸಲ ನೋಡಿದರು. ಕತ್ತರಿಸುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ನನ್ನ ದನಿ ಅಳಿಸಿ, ಆ ಜಾಗದಲ್ಲಿ ಕರ್ನಲ್ ದನಿಯಲ್ಲಿ ಹಳ್ಳಿ ಸುಡುವ ಆದೇಶ ಓದಿಸಿ, ನಾನು ಬರೆದ ಕೊನೆಯ ಪುಟಗಳನ್ನು ಕಸದ ಬುಟ್ಟಿಗೆ ಹಾಕಿ, ಈ ದೃಶ್ಯವನ್ನೇ ಕೊನೆಗಿಟ್ಟು ಸಿನಿಮಾ ಮುಗಿಸಿದೆವು.

ಪ್ರದರ್ಶನದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ವೇದಿಕೆ ಹತ್ತಿ, ಮೈಕ್ ಹಿಡಿದು, ವಿನಯದಿಂದ ತಲೆ ಬಾಗಿಸಿ ಹೇಳಿದರು:

"ಆ ಕೊನೇ ಡೈಲಾಗ್ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಕ್ಯಾರೆಕ್ಟರ್ ಒಳಗೆ ಇಳಿದು ನಾನೇ ಕೊಟ್ಟಿದ್ದು."